ಕಾಯಿಲೆ ಇಲ್ಲದ ದಿನಗಳಲ್ಲಿ ಬಾಗಿಲು ತಟ್ಟುವವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಬೇಡಿ

ನಗರದ ಆರೋಗ್ಯಾಡಳಿತದ ಹೊಣೆ ಹೊತ್ತಿರುವ ಎಲ್ಲರಿಗೆ,

ಮಾನ್ಯರೇ,

ಇಪ್ಪತ್ತಾರು ವರ್ಷ ನಾನು ಜನರ ಬಾಗಿಲು ತಟ್ಟಿದ್ದೇನೆ. ಹುದ್ದೆಯ ಹೆಸರು ನಡುನಡುವೆ ಬದಲಾಯಿತು, ಕೆಲಸ ಮಾತ್ರ ಅದೇ ಆಗಿತ್ತು. ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಿಜಿಸ್ಟರು. ಯಾರಿಗೆ ಜ್ವರ, ಯಾವ ಮಗುವಿಗೆ ಯಾವ ಡೋಸ್ ತಪ್ಪಿದೆ, ಯಾರ ಮನೆಗೆ ಹೊಸದಾಗಿ ಬಾಡಿಗೆಯವರು ಬಂದಿದ್ದಾರೆ, ಯಾರು ಕ್ಷಯದ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ದಿನಚರಿ. ಎರಡು ವರ್ಷದ ಹಿಂದೆ ನಿವೃತ್ತಳಾದೆ. ನನಗೆ ಬರಬೇಕಾದದ್ದೆಲ್ಲ ಬಂದಿದೆ. ಈ ಪತ್ರದಲ್ಲಿ ನನಗಾಗಿ ಕೇಳುವುದು ಏನೂ ಇಲ್ಲ.

ಬರೆಯಲು ಕಾರಣ ಒಂದು ಪ್ರಶ್ನೆ. ಸಾಂಕ್ರಾಮಿಕ ಇಳಿದ ಮರುವರ್ಷ, ಆಯವ್ಯಯದ ಸಭೆಯಲ್ಲಿ ಆ ಪ್ರಶ್ನೆ ತಪ್ಪದೆ ಏಳುತ್ತದೆ: "ಈಗ ಪ್ರಕರಣಗಳೇ ಇಲ್ಲವಲ್ಲ, ಮನೆ ಮನೆ ಸುತ್ತಲು ಇಷ್ಟು ಜನ ಏಕೆ?" ನನ್ನ ಸೇವೆಯಲ್ಲಿ ಮೂರು ಸಲ ಈ ಮಾತನ್ನು ಕಿವಿಯಾರೆ ಕೇಳಿದ್ದೇನೆ. ಮೂರು ಸಲವೂ ಗುತ್ತಿಗೆಯ ಹೆಣ್ಣುಮಕ್ಕಳನ್ನು ಮೊದಲು ಮನೆಗೆ ಕಳಿಸಿದರು. ಮೂರು ಸಲವೂ, ಮುಂದಿನ ಜ್ವರ ಬಂದಾಗ, ಆ ಬೀದಿಗಳನ್ನು ಎಂದೂ ತುಳಿಯದ ಹೊಸಬರ ಕೈಗೆ ಪಟ್ಟಿ ಕೊಟ್ಟು ಅಟ್ಟಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಅದು. ಪ್ರಕರಣಗಳು ಕಾಣದಿರುವುದಕ್ಕೆ ನಮ್ಮ ಸುತ್ತಾಟವೂ ಒಂದು ಕಾರಣ ಎಂದು ಯಾವ ಲೆಕ್ಕಪತ್ರವೂ ತೋರಿಸುವುದಿಲ್ಲ. ಹರಡದೆ ಹೋದ ಸೋಂಕನ್ನು ಬರೆದುಕೊಳ್ಳಲು ನನ್ನ ರಿಜಿಸ್ಟರಿನಲ್ಲೂ ಕಾಲಂ ಇರಲಿಲ್ಲ.

ಹಾಗಾಗಿ ಮೊದಲು ಲೆಕ್ಕವನ್ನೇ ಮಾತಾಡೋಣ. ಒಬ್ಬ ಸೋಂಕಿತ ಸರಾಸರಿ ಇಬ್ಬರಿಗೆ ಹರಡಿದರೆ, ಹತ್ತನೇ ಸುತ್ತಿನಲ್ಲಿ ಹೊಸದಾಗಿ ಸೋಂಕು ತಗಲುವವರು 1,024 ಮಂದಿ. ಆ ಸರಾಸರಿ ಎರಡರಿಂದ ಒಂದೂವರೆಗೆ ಇಳಿದರೆ ಹತ್ತನೇ ಸುತ್ತಿನಲ್ಲಿ ಸಿಗುವವರು 58 ಮಂದಿ. ಒಂದಕ್ಕಿಂತ ಕೆಳಗೆ, 0.8ಕ್ಕೆ ತಂದುಬಿಟ್ಟರೆ, ನೂರು ಜನರಿಂದ ಶುರುವಾದ ಸರಪಳಿಯೂ ಹತ್ತು ಸುತ್ತಿನಲ್ಲಿ ಹತ್ತು-ಹನ್ನೊಂದು ಜನರಿಗೆ ಕುಗ್ಗುತ್ತದೆ. ಎರಡಕ್ಕೂ ಒಂದೂವರೆಗೂ ಕಣ್ಣಿಗೆ ಕಾಣುವ ಅಂತರ ಅಷ್ಟೇನಿಲ್ಲ. ಆದರೆ ಆಸ್ಪತ್ರೆಯ ಹಾಸಿಗೆಗಳ ಮೇಲೆ ಬೀಳುವ ಭಾರದಲ್ಲಿ ಆನೆಗೂ ಆಡಿಗೂ ಇರುವಷ್ಟು ಅಂತರ ಬರುತ್ತದೆ.

"ಮಾಸ್ಕ್ ಹಾಕಿದರೆ ಪೂರ್ತಿ ತಡೆಯುತ್ತದೆಯೇ? ಕಿಟಕಿ ತೆರೆದರೆ ಸೋಂಕು ಹೋಗಿಬಿಡುತ್ತದೆಯೇ?" ಎಂದು ಸವಾಲು ಹಾಕುವವರಿಗೂ ಉತ್ತರ ಇದೇ ಲೆಕ್ಕದಲ್ಲಿದೆ. ಒಂದು ಕ್ರಮ ಹರಡುವಿಕೆಯನ್ನು ಐದರಲ್ಲಿ ಒಂದು ಪಾಲು ಮಾತ್ರ ತಗ್ಗಿಸುತ್ತದೆ ಎಂದಿಟ್ಟುಕೊಳ್ಳಿ. ಅಂಥ ಮೂರು ಕ್ರಮಗಳು ಒಟ್ಟಿಗೆ ನಡೆದರೆ ಎರಡು ಇದ್ದ ಸರಾಸರಿ ಒಂದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಗಾಳಿ ಆಡುವ ತರಗತಿ, ಜ್ವರ ಬಂದವರಿಗೆ ಸಂಬಳ ಕಡಿಯದ ರಜೆ, ಕಿಕ್ಕಿರಿದ ಬಸ್ಸಿನಲ್ಲಿ ಮಾಸ್ಕ್: ಇವು ಒಂದೊಂದೂ ಅರೆಬರೆಯಾಗಿ ಕಾಣುತ್ತವೆ. ಒಂದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡದೆ, ಒಂದೊಂದನ್ನೇ ಕೈಗೆತ್ತಿಕೊಂಡು "ಇದರಿಂದ ಏನಾಗುತ್ತದೆ" ಎಂದು ಬದಿಗೆಸೆಯುತ್ತಾ ಹೋದರೆ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಒಂದು ರೋಗಕ್ಕೆ ಒಗ್ಗಿದ ಕ್ರಮ ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ. ದಡಾರವನ್ನೇ ನೋಡಿ. ಯಾರಿಗೂ ಪ್ರತಿರೋಧ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲ ರೋಗ ಅದು. ಮೈಮೇಲೆ ಗಂಧೆ ಏಳುವ ನಾಲ್ಕು ದಿನ ಮೊದಲೇ ಮಗು ಸೋಂಕು ಹರಡುತ್ತಿರುತ್ತದೆ. ಗಂಧೆ ಕಂಡ ಮೇಲೆ ಬೇರೆ ಇಟ್ಟರೆ ಆಗುವ ಪ್ರಯೋಜನ ಕಡಿಮೆ. ಅಲ್ಲಿ ಕಾಯುವುದು ಲಸಿಕೆಯೊಂದೇ, ಅದೂ ನೂರಕ್ಕೆ 95 ಮಕ್ಕಳಿಗೆ ತಲುಪಿದರೆ. ಉಳಿದ ಐವರು ಒಂದೇ ಬೀದಿಯಲ್ಲಿ ಗುಂಪಾಗಿದ್ದರೆ ಆ ಬೀದಿ ಹೊತ್ತಿಕೊಳ್ಳುತ್ತದೆ. ಇಡೀ ನಗರದ ಸರಾಸರಿ ಚೆನ್ನಾಗಿದೆ ಎಂಬ ವರದಿ ಆ ಬೀದಿಯನ್ನು ಕಾಯುವುದಿಲ್ಲ.

ಸಿಡುಬಿನ ಕಥೆ ಬೇರೆ. ಗುಳ್ಳೆ ಎದ್ದ ಮೇಲೆ ಅದು ಹೆಚ್ಚಾಗಿ ಹರಡುತ್ತಿತ್ತು, ನೋಡಿದವರಿಗೆ ಗುರುತು ಸಿಗುತ್ತಿತ್ತು. ರೋಗಿಯ ಸುತ್ತಲಿನವರನ್ನು ಹುಡುಕಿ ಲಸಿಕೆ ಹಾಕಿದರೆ ಬೇಲಿ ಕಟ್ಟಿದಂತಾಗುತ್ತಿತ್ತು. 1947ರಲ್ಲಿ ಮೆಕ್ಸಿಕೋದಿಂದ ಬಂದ ಒಬ್ಬ ಪ್ರಯಾಣಿಕನ ಮೂಲಕ ನ್ಯೂಯಾರ್ಕ್ ನಗರಕ್ಕೆ ಸಿಡುಬು ಹೊಕ್ಕಿತು. ಅಲ್ಲಿನವರು ಸಂಪರ್ಕಕ್ಕೆ ಬಂದವರನ್ನು ಹುಡುಕಿದರು, ಕೆಲವೇ ವಾರಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದರು. 12 ಮಂದಿಗೆ ಸೋಂಕು ತಗಲಿತು, ಇಬ್ಬರು ತೀರಿಕೊಂಡರು. ಅಲ್ಲಿಗೆ ನಿಂತಿತು. 2003ರ ಸಾರ್ಸ್ ಎಂಬ ಶ್ವಾಸಕೋಶದ ಸೋಂಕು ಕೂಡ ಕಾಯಿಲೆ ಬಲಿತ ಮೇಲೆ ಹೆಚ್ಚು ಹರಡುತ್ತಿದ್ದುದರಿಂದ ಪ್ರತ್ಯೇಕವಾಸಕ್ಕೆ ಬಗ್ಗಿತು. ಕೋವಿಡ್ ಲಕ್ಷಣ ಕಾಣುವ ಮೊದಲೇ ಹರಡುತ್ತಿತ್ತು, ಅದೇ ಉಪಾಯಕ್ಕೆ ಬಗ್ಗಲಿಲ್ಲ. ಈ ವ್ಯತ್ಯಾಸ ತಿಳಿಯದೆ ಹೊರಡಿಸುವ ಆದೇಶಗಳಿಂದ ಬೀದಿಯಲ್ಲಿ ನಿಂತು ಜನರಿಗೆ ಉತ್ತರ ಹೇಳಬೇಕಾದ ನಮ್ಮಂಥವರ ನಾಲಗೆ ಒಣಗುತ್ತದೆ.

ಡೆಂಗ್ಯೂ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನನ್ನ ಅರ್ಧ ಆಯುಷ್ಯ ಅದರ ಹಿಂದೆಯೇ ಹೋಗಿದೆ. ಒಂದು ಮನೆಯ ಯಜಮಾನಿ ಕೈಯಲ್ಲಿದ್ದ ಪೊರಕೆಯನ್ನೂ ಕೆಳಗಿಡದೆ, "ನಮ್ಮ ಮನೆಯಲ್ಲಿ ಒಂದು ಹನಿ ನೀರೂ ನಿಲ್ಲುವುದಿಲ್ಲ, ನೋಡಿಕೊಳ್ಳಿ" ಎಂದರು. ಮನೆ ನಿಜಕ್ಕೂ ಕನ್ನಡಿಯಂತಿತ್ತು. ತೊಟ್ಟಿ ಮುಚ್ಚಿತ್ತು, ಬಕೆಟ್‌ಗಳನ್ನು ಬೋರಲು ಹಾಕಿದ್ದರು. ನಾನು ಫ್ರಿಡ್ಜ್ ಹಿಂದೆ ಬಗ್ಗಿ, ಅಡಿಯ ತಟ್ಟೆಯನ್ನು ಮೆಲ್ಲಗೆ ಎಳೆದೆ. ಎರಡು ಬೆರಳು ಆಳದ ತಿಳಿನೀರು. ಟಾರ್ಚಿನ ಬೆಳಕು ಬೀಳುತ್ತಿದ್ದಂತೆ ಮೇಲೆ ತೇಲುತ್ತಿದ್ದ ಕೂದಲೆಳೆಯಂಥ ಹುಳುಗಳು ಕೊಂಕುತ್ತಾ ತಳಕ್ಕಿಳಿದವು. ಯಜಮಾನಿಯ ಮುಖ ಬಾಡಿಹೋಯಿತು. ಪಕ್ಕದಲ್ಲಿ ಆರೇಳು ವರ್ಷದ ಮೊಮ್ಮಗ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. "ಇವೇ ಸೊಳ್ಳೆಗಳಾ?" ಎಂದ. "ಇನ್ನೂ ಆಗಿಲ್ಲ, ಇನ್ನು ನಾಲ್ಕು ದಿನ ಬಿಟ್ಟರೆ ಆಗುತ್ತವೆ" ಎಂದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಎಂದು ನಾವು ಬಡಿದುಕೊಳ್ಳುವುದು ಅದಕ್ಕೇ. ಚೆಲ್ಲಿದರೆ ಮಾತ್ರ ಸಾಲದು, ತಿಕ್ಕಿ ತೊಳೆಯಬೇಕು. ಈ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಮತ್ತೆ ನೀರು ತಾಗಿದ ದಿನ ಒಡೆಯುತ್ತದೆ.

ಇದನ್ನೆಲ್ಲ ಬಿಟ್ಟು, ಜ್ವರ ಏರಿದ ಮೇಲೆ ವಾಹನದ ಹಿಂದೆ ಯಂತ್ರ ಕಟ್ಟಿ ಹೊಗೆ ಹಾರಿಸುತ್ತೇವೆ. ಫಾಗಿಂಗ್ ಹಾರಾಡುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ, ತಟ್ಟೆಯಲ್ಲಿರುವ ಹುಳುವನ್ನು ಕೊಲ್ಲುವುದಿಲ್ಲ. ನಾಲ್ಕೈದು ದಿನದಲ್ಲಿ ಹೊಸ ಸೊಳ್ಳೆ ಹುಟ್ಟುತ್ತದೆ. ಆದರೂ ಹೊಗೆ ಕಣ್ಣಿಗೆ ಕಾಣುತ್ತದೆ, ಜನರಿಗೆ ಏನೋ ನಡೆಯುತ್ತಿದೆ ಎಂಬ ಸಮಾಧಾನ ಸಿಗುತ್ತದೆ. ಫ್ರಿಡ್ಜ್ ಹಿಂದೆ ಬಗ್ಗುವ ಹೆಂಗಸು ಯಾರಿಗೂ ಕಾಣುವುದಿಲ್ಲ. ಹಣ ಮೊದಲು ಯಾರಿಗೆ ಸಿಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಸೊಳ್ಳೆಯ ಮೈಯಲ್ಲಿ ಡೆಂಗ್ಯೂ ವೈರಸ್ ಬೆಳೆಯದಂತೆ ತಡೆಯುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಸೊಳ್ಳೆಗಳನ್ನು ಬಿಟ್ಟು, ಡೆಂಗ್ಯೂ ಪ್ರಕರಣಗಳನ್ನು ಶೇ 77ರಷ್ಟು ತಗ್ಗಿಸಿದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಓದಿ ನನಗೆ ಸಂತೋಷದಿಂದ ಕಣ್ಣು ತುಂಬಿತು. ಅಲ್ಲಿಯೂ ಸೊಳ್ಳೆಯ ಮೊಟ್ಟೆ ಇರುವ ಡಬ್ಬಿಯನ್ನು ಅಂಗಳದಲ್ಲಿಡಲು ಯಾರೋ ಒಬ್ಬರು ಬಾಗಿಲು ತಟ್ಟಿ ಮನೆಯವರನ್ನು ಒಪ್ಪಿಸಬೇಕಿತ್ತು.

ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1918ರ ಇನ್‌ಫ್ಲುಯೆನ್ಜಾ ಕಾಲದ ಅಮೆರಿಕದ ಎರಡು ನಗರಗಳನ್ನು ಹೋಲಿಸಿ ನೋಡಿ. ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 17ಕ್ಕೇ ಜನರಲ್ಲಿ ಕಾಯಿಲೆ ಕಾಣಿಸಿಕೊಂಡಿತ್ತು. ಹಾಗಿದ್ದೂ ಸೆಪ್ಟೆಂಬರ್ 28ರಂದು ಯುದ್ಧನಿಧಿಗಾಗಿ ಬೃಹತ್ ಮೆರವಣಿಗೆ ನಡೆಸಿದರು. ಸುಮಾರು ಎರಡು ಲಕ್ಷ ಜನ ಸೇರಿದರು. ಶಾಲೆ, ಚಿತ್ರಮಂದಿರಗಳನ್ನು ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಮೊದಲ ಪ್ರಕರಣಗಳು ಕಂಡದ್ದು ಅಕ್ಟೋಬರ್ 5ರ ಹೊತ್ತಿಗೆ. ಎರಡೇ ದಿನದಲ್ಲಿ ಆರೋಗ್ಯ ಅಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಜನ ಸೇರುವ ತಾಣಗಳನ್ನು ಮುಚ್ಚಿಸಿದರು. ಸಾವು ತುತ್ತತುದಿಗೇರಿದ ವಾರದಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರತಿ ಲಕ್ಷಕ್ಕೆ 257 ಹೆಚ್ಚುವರಿ ಸಾವು, ಸೇಂಟ್ ಲೂಯಿಸ್‌ನಲ್ಲಿ ನಿರ್ಬಂಧ ಇದ್ದಷ್ಟು ಕಾಲ 31. ಆದರೆ ಸೇಂಟ್ ಲೂಯಿಸ್ ನವೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದಾಗ ಅಲ್ಲೂ ಸಾವು ಮತ್ತೆ ಏರಿತು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಕ್ರಮ ಕೈಗೊಂಡಷ್ಟು ದಿನ ಅದು ಕೆಲಸ ಮಾಡುತ್ತಿತ್ತು, ಕೈಬಿಟ್ಟಾಗ ನಿಂತಿತು. ಇಳಿದ ಸಂಖ್ಯೆಯನ್ನು ನೋಡಿ ಇನ್ನು ಬೇಡ ಎನ್ನುವುದು ಈ ಕಾಲದ ತಪ್ಪು ಮಾತ್ರ ಅಲ್ಲ.

ಎಲ್ಲವನ್ನೂ ಮುಚ್ಚಿಬಿಡಿ ಎಂದು ನಾನು ಹೇಳುತ್ತಿಲ್ಲ. ಶಾಲೆ ಮುಚ್ಚಿದಾಗ ಮಕ್ಕಳು ಕಳೆದುಕೊಂಡದ್ದನ್ನು, ದಿನಗೂಲಿಯವರ ಮನೆಯ ಒಲೆ ತಣ್ಣಗಾದದ್ದನ್ನು ಹೊಸ್ತಿಲಲ್ಲಿ ನಿಂತು ಕಂಡವಳು ನಾನು. ಮೊದಲ ವಾರದಲ್ಲಿ ಸಣ್ಣ ಕ್ರಮಗಳಿಂದ ಮುಗಿಸಬಹುದಾಗಿದ್ದ ಕೆಲಸವನ್ನು ಬಿಟ್ಟುಬಿಟ್ಟ ನಗರಕ್ಕೆ ಐದನೇ ವಾರದಲ್ಲಿ ಬೀಗ ಹಾಕುವ ದಾರಿಯೊಂದೇ ಉಳಿಯುತ್ತದೆ. ಆ ಮೊದಲ ವಾರದಲ್ಲಿ ಬೇಕಾದದ್ದು ಸುದ್ದಿ. ಯಾವ ಬೀದಿಯಲ್ಲಿ, ಎಂಥ ಜ್ವರ, ಎಷ್ಟು ಮಂದಿಗೆ ಎಂಬ ಸುದ್ದಿ. ಅದು ಪ್ರಯೋಗಾಲಯಕ್ಕೆ ಹೋಗುವ ಮೊದಲು ಯಾರದೋ ಬಾಗಿಲಲ್ಲಿ ಹುಟ್ಟುತ್ತದೆ.

ಖರ್ಚಿನ ಮಾತಿಗೆ ಜರ್ಮನಿಯ ಹ್ಯಾಂಬರ್ಗ್ ನೆನಪಾಗುತ್ತದೆ. ಎಲ್ಬೆ ನದಿಯ ನೀರನ್ನು ಶೋಧಿಸದೆ ಮನೆಗಳಿಗೆ ಬಿಡುತ್ತಿದ್ದ ನಗರ ಅದು. ಮರಳಿನ ಶೋಧಕ ಕಟ್ಟಬೇಕೆಂಬ ಚರ್ಚೆ ವರ್ಷಗಟ್ಟಲೆ ಎಳೆಯಿತು. ಪಕ್ಕದಲ್ಲೇ, ಗೋಡೆಗೆ ಗೋಡೆ ಅಂಟಿದಂತೆ, ಆಲ್ಟೋನಾ ಎಂಬ ಇನ್ನೊಂದು ಊರು. ಅವರೂ ಅದೇ ನದಿಯ ನೀರನ್ನೇ ಕುಡಿಯುತ್ತಿದ್ದರು, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲೆ ಕೆಳಗಿನ ಪಾತ್ರದಿಂದ ಎತ್ತಿದ ನೀರು. ಆದರೆ ಮರಳಿನಲ್ಲಿ ಶೋಧಿಸಿ ಕುಡಿಯುತ್ತಿದ್ದರು. 1892ರಲ್ಲಿ ಕಾಲರಾ ಬಂದಾಗ ಹ್ಯಾಂಬರ್ಗ್‌ನಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು, ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರಿನ ಗಡಿ ಹಾದುಹೋಗುವ ಬೀದಿಯಲ್ಲಿ ಒಂದು ಬದಿಗೆ ಕಾಲರಾ, ಇನ್ನೊಂದು ಬದಿಗೆ ಇಲ್ಲ. ಹ್ಯಾಂಬರ್ಗ್‌ನ ಶೋಧಕ 1893ರಲ್ಲಿ ಪೂರ್ತಿಯಾಯಿತು. ಒಂದು ವರ್ಷ ತಡ. ನಾವು ಕೊನೆಯ ನಲ್ಲಿಯ ನೀರಿನಲ್ಲೂ ಕ್ರಿಮಿ ಕೊಲ್ಲುವ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸುವುದನ್ನು "ಇನ್ನು ತಿಂಗಳಿಗೊಮ್ಮೆ ಸಾಕು" ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಬೀದಿ ಕಣ್ಣಮುಂದೆ ಬರುತ್ತದೆ.

ಈಗ ನಂಬಿಕೆಯ ವಿಷಯ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ಬಿಗಿಯಾಗುತ್ತದೆ.

ಒಂದು ಸಾಂಕ್ರಾಮಿಕದ ನಡುವೆ ಒಂದು ಮನೆಯ ಬಾಗಿಲು ತಟ್ಟಿದೆ. ತಾಯಿ ಅರ್ಧ ಬಾಗಿಲು ತೆರೆದು, "ನಮ್ಮಲ್ಲಿ ಯಾರಿಗೂ ಜ್ವರ ಇಲ್ಲ" ಎಂದಳು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಇಬ್ಬರಿಗೂ ಕೇಳಿಸುತ್ತಿತ್ತು. ಹಿಂದಿನ ವಾರ ಅದೇ ಬೀದಿಯ ಇನ್ನೊಂದು ಮನೆಗೆ ಬೇರೊಂದು ತಂಡ ಬಂದು, ಬಾಗಿಲಿಗೆ ಭಿತ್ತಿಪತ್ರ ಅಂಟಿಸಿ, ತಗಡು ಹೊಡೆದು ಹೋಗಿತ್ತು. ಆ ಮನೆಯವರಿಗೆ ಎರಡು ದಿನ ಯಾರೂ ನೀರು ಕೂಡ ಮುಟ್ಟಿಸಿರಲಿಲ್ಲ. ನಾನು ಏನೂ ಅನ್ನದೆ ಮುಂದಿನ ಮನೆಗೆ ನಡೆದೆ. ಬೀದಿಯ ತಿರುವಿನವರೆಗೆ ಹೋಗಿದ್ದೆ, ಆಕೆ ಓಡಿ ಬಂದಳು. "ಅಕ್ಕಾ, ನಮ್ಮ ದೊಡ್ಡವನಿಗೆ ಪೋಲಿಯೊ ಹನಿ ಹಾಕಿದವರು ನೀವೇ ಅಲ್ಲವೇ? ಅವನಿಗೇ ಮೂರು ದಿನದಿಂದ ಸುಡುವ ಜ್ವರ. ತಗಡು ಹೊಡೆಯುವುದಿಲ್ಲ ಎಂದು ಮಾತು ಕೊಡಿ." ಮಾತು ಕೊಟ್ಟೆ. ಹುಡುಗ ಆಸ್ಪತ್ರೆಗೆ ಹೋದ, ಉಳಿದ. ಅವನ ಜೊತೆ ಓದುತ್ತಿದ್ದವರನ್ನು, ಆಡುತ್ತಿದ್ದವರನ್ನು ಆಕೆಯೇ ಒಬ್ಬೊಬ್ಬರಾಗಿ ನೆನಪಿಸಿಕೊಂಡು ಹೇಳಿದಳು. ಹನಿ ಹಾಕಿ ಆಗ ಹನ್ನೊಂದು ವರ್ಷವಾಗಿತ್ತು.

ಹೆದರಿಸಿದರೆ ರೋಗಿ ಅಡಗುತ್ತಾನೆ, ರೋಗ ಅಡಗುವುದಿಲ್ಲ. 1894ರಲ್ಲಿ ಅಮೆರಿಕದ ಮಿಲ್ವಾಕಿ ನಗರಕ್ಕೆ ಸಿಡುಬು ಬಂದಾಗ ಉಳ್ಳವರು ಮನೆಯಲ್ಲೇ ಪ್ರತ್ಯೇಕವಾಗಿರಬಹುದಿತ್ತು, ವಲಸೆ ಬಂದ ಬಡವರ ಮಕ್ಕಳನ್ನು ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. ಬೀದಿಗಳಲ್ಲಿ ಗಲಭೆಯಾಯಿತು, ಜನ ರೋಗಿಗಳನ್ನು ಬಚ್ಚಿಟ್ಟರು, ಸಿಡುಬು ಹರಡಿತು, ಕೊನೆಗೆ ಆರೋಗ್ಯ ಅಧಿಕಾರಿಯೇ ಹುದ್ದೆ ಕಳೆದುಕೊಂಡರು. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂದಾಗಲೂ ಮನೆ ಶೋಧಿಸುವ ತಂಡಗಳಿಗೆ ಹೆದರಿ ಜನ ಕಾಯಿಲೆಯವರನ್ನು ಮುಚ್ಚಿಟ್ಟರು, ಲಕ್ಷಗಟ್ಟಲೆ ಮಂದಿ ನಗರ ಬಿಟ್ಟು ಓಡಿದರು. ಆ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ತೋರಿಸಿಕೊಟ್ಟದ್ದು 1898ರಲ್ಲಿ. ಅಲ್ಲಿಯವರೆಗೆ ಮನುಷ್ಯರನ್ನು ಬೆನ್ನಟ್ಟಿದ್ದರು.

ಇದಕ್ಕೆ ಎದುರಾಗಿ ನೈಜೀರಿಯಾದ ಲಾಗೋಸ್ ನಗರವನ್ನು ಇಡುತ್ತೇನೆ. 2014ರ ಜುಲೈ 20ರಂದು ಲೈಬೀರಿಯಾದಿಂದ ಬಂದ ಒಬ್ಬ ವಿಮಾನ ಪ್ರಯಾಣಿಕ ಎಬೋಲಾ ಹೊತ್ತು ತಂದ. ಕೋಟಿ ಮೀರಿದ ಜನಸಂಖ್ಯೆಯ, ಕಿಕ್ಕಿರಿದ ನಗರ. ಜಗತ್ತೇ ಉಸಿರು ಬಿಗಿಹಿಡಿದಿತ್ತು. ಆಸ್ಪತ್ರೆಯಲ್ಲಿ ಡಾ. ಅಮೆಯೊ ಅಡಾಡೆವೊ, ಒತ್ತಡ ಬಂದರೂ ಅವನನ್ನು ಹೊರಗೆ ಬಿಡಲಿಲ್ಲ. ಆ ಸೋಂಕಿಗೆ ಅವರೇ ಬಲಿಯಾದರು. ಪೋಲಿಯೊ ನಿರ್ಮೂಲನೆಗೆಂದು ಕಟ್ಟಿದ್ದ ತುರ್ತು ಕೇಂದ್ರದ ವ್ಯವಸ್ಥೆ, ಅಲ್ಲಿ ಪಳಗಿದ ಜನ ಕೂಡಲೇ ಎಬೋಲಾ ಕಡೆ ತಿರುಗಿದರು. ಸಂಪರ್ಕಕ್ಕೆ ಬಂದ ಸುಮಾರು 900 ಜನರನ್ನು ಪತ್ತೆಹಚ್ಚಿ, 18,500ರಷ್ಟು ಸಲ ಮುಖಾಮುಖಿ ಭೇಟಿಮಾಡಿ ವಿಚಾರಿಸಿದರು. ಇಡೀ ನೈಜೀರಿಯಾದಲ್ಲಿ 20 ಮಂದಿಗೆ ಸೋಂಕು ತಗಲಿತು, 8 ಮಂದಿ ಸತ್ತರು. ಅಕ್ಟೋಬರ್ 20ಕ್ಕೆ ದೇಶ ಎಬೋಲಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಪೋಲಿಯೊ ಇಳಿಯಿತೆಂದು ಆ ಕಾರ್ಯಕರ್ತರನ್ನು ಹಿಂದಿನ ವರ್ಷವೇ ಮನೆಗೆ ಕಳಿಸಿದ್ದರೆ ಆ 18,500 ಸಲ ಬಾಗಿಲು ಯಾರು ತಟ್ಟುತ್ತಿದ್ದರು?

ಈಗ ಕೆಲವರು, "ಒಳಚರಂಡಿಯ ನೀರು ಪರೀಕ್ಷಿಸಿದರೆ ಸಾಕು, ಮನೆಗೆ ಏಕೆ ಹೋಗಬೇಕು" ಎನ್ನುತ್ತಾರೆ. ಕೊಳಚೆ ನೀರಿನ ಪರೀಕ್ಷೆ ಒಳ್ಳೆಯ ಉಪಾಯ, ಖಂಡಿತ ಮಾಡಿ. 2022ರಲ್ಲಿ ಲಂಡನ್‌ನ ಕೊಳಚೆಯಲ್ಲಿ ಪೋಲಿಯೊ ವೈರಸ್ ಸಿಕ್ಕಿದ್ದು ಹಾಗೆಯೇ. ಸಿಕ್ಕ ಮೇಲೆ ಅಲ್ಲಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಲಸಿಕೆ ಹಾಕಬೇಕಾಯಿತು. ಪೈಪು ಯಾವ ಬಡಾವಣೆ ಎಂದು ಹೇಳುತ್ತದೆ, ಯಾವ ಮಗು ಎಂದು ಹೇಳುವುದಿಲ್ಲ.

ನಾನು ಕೇಳುವುದು ಇಷ್ಟು. ಪ್ರತಿ ಬೀದಿಗೂ ಗೊತ್ತಿರುವ ಒಂದು ಮುಖ ಇರಲಿ, ಅದು ವರ್ಷ ವರ್ಷ ಬದಲಾಗದಿರಲಿ, ಗುತ್ತಿಗೆಯ ಮೇಲೆ ನೇತಾಡದಿರಲಿ. ಮನೆಯಲ್ಲಿರಿ ಎಂದು ಆದೇಶ ಕೊಡುವ ದಿನವೇ ಆ ಮನೆಗೆ ಊಟ ಹೇಗೆ ತಲುಪುತ್ತದೆ, ತಪ್ಪಿದ ಕೂಲಿಯನ್ನು ಯಾರು ತುಂಬಿಕೊಡುತ್ತಾರೆ ಎಂಬುದೂ ಅದೇ ಕಾಗದದಲ್ಲಿರಲಿ. ಆರು ಜನ ಒಂದೇ ಕೋಣೆಯಲ್ಲಿರುವ ಮನೆಗೆ "ಪ್ರತ್ಯೇಕ ಕೋಣೆಯಲ್ಲಿರಿ" ಎಂಬ ಕರಪತ್ರ ಹಂಚಲು ನನ್ನನ್ನು ಕಳಿಸಿದ್ದರು. ಹಂಚುವಾಗ ತಲೆ ಎತ್ತಲಾಗಲಿಲ್ಲ. ನಿರ್ಬಂಧ ಏಕೆ, ಯಾವ ಸಂಖ್ಯೆ ಎಷ್ಟಕ್ಕೆ ಇಳಿದರೆ ತೆಗೆಯುತ್ತೀರಿ ಎಂದು ಮೊದಲ ದಿನವೇ ಹೇಳಿ. ತಪ್ಪಾಗಿದ್ದರೆ ತಪ್ಪಾಯಿತು ಎಂದೂ ಹೇಳಿ. ಜನ ಅದನ್ನು ಕ್ಷಮಿಸಿದ್ದನ್ನು ನಾನು ಕಂಡಿದ್ದೇನೆ. ಮುಚ್ಚಿಟ್ಟದ್ದನ್ನು ಕ್ಷಮಿಸಿದ್ದನ್ನು ಕಂಡಿಲ್ಲ.

ನನ್ನ ಕೊನೆಯ ರಿಜಿಸ್ಟರು ಈಗಲೂ ಕಚೇರಿಯ ಕಪಾಟಿನಲ್ಲಿದೆ. ನಾನ್ನೂರಕ್ಕೂ ಹೆಚ್ಚು ಮನೆಗಳು ಅದರಲ್ಲಿವೆ. ಯಾವ ಮನೆಯಲ್ಲಿ ಬೆಳಿಗ್ಗೆ ಹೋದರೆ ಯಾರೂ ಇರುವುದಿಲ್ಲ, ಯಾವ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಯಾವ ಮಹಡಿಯ ತೊಟ್ಟಿಯ ಮುಚ್ಚಳ ಒಡೆದಿದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ. ನಾನು ನಿವೃತ್ತಳಾದ ಮೇಲೆ ಆ ಬೀದಿಗಳಿಗೆ ಯಾರನ್ನೂ ನೇಮಿಸಿಲ್ಲ. ನೇಮಿಸಿದರೆ, ಹೊಸಬರ ಜೊತೆ ನಾನೇ ಒಂದು ವಾರ ನಡೆದು ಮನೆ ಮನೆಗೂ ಪರಿಚಯ ಮಾಡಿಸಿಕೊಡುತ್ತೇನೆ. ಅದಕ್ಕೆ ಸಂಬಳ ಬೇಡ. ಮಳೆ ಹಿಡಿಯುವ ಮೊದಲು ಕರೆಯಿರಿ, ಅಷ್ಟೇ. ಆ ತೊಟ್ಟಿಯ ಮುಚ್ಚಳ ಇನ್ನೂ ಹಾಗೆಯೇ ಇದೆ, ಮೊನ್ನೆ ಆ ಕಡೆ ಹೋದಾಗ ನೋಡಿ ಬಂದೆ.

ಇಂತಿ,
ಒಬ್ಬ ನಿವೃತ್ತ ಆರೋಗ್ಯ ಕಾರ್ಯಕರ್ತೆ